ಶುದ್ಧ ನೀರಿನ ಘಟಕ: ಬಳಕೆದಾರರ ಕೈಪಿಡಿ

ನಿಮ್ಮೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಮಂಜೂರಾಗಿದ್ದಕ್ಕೆ ಅಭಿನಂದನೆಗಳು. ಕೈಪಿಡಿಯನ್ನು ಈಗಲೇ ಓದಲು ಪುರಸೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಘಟಕ ಕೆಟ್ಟು ನಿಂತ ಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ.

ಅರ್ಹತೆ: ಊರ ಕೆರೆಯಲ್ಲಿ ಹೂಳು ತುಂಬಿರಬೇಕು. ರಾಜಕಾಲುವೆ ಯಾರದ್ದೋ ಹೊಲವಾಗಿರಬೇಕು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿರಬೇಕು. ಪಾವಗಡದ ಕಡೆಯವರು ಲ್ಯಾಬ್ ವರದಿಯ ಜೊತೆಗೆ ಶಾಲೆಯ ಗ್ರೂಪ್ ಫೋಟೋ ಲಗತ್ತಿಸಬಹುದು. ಮಕ್ಕಳು ನಕ್ಕಿರಬೇಕು, ಹಲ್ಲಿನ ಕಲೆ ಕಾಣಬೇಕು.

ಅಳವಡಿಕೆ: ಘಟಕವನ್ನು ಮೇಲಿನ ಬೀದಿಯಲ್ಲೇ ಕೂರಿಸಿ, ಕೇರಿಯವರಿಗೆ ನಡೆದು ಅಭ್ಯಾಸವಿದೆ. ಗ್ರಾನೈಟ್ ಫಲಕದಲ್ಲಿ ಗಣ್ಯರ ಹೆಸರೆಲ್ಲ ಇರಲಿ. ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕೆಂಬ ನಂಬರಿಗೆ ಜಾಗ ಉಳಿಯಬಾರದು.

ಬಳಕೆ: ಕರೆಂಟ್ ಇದೆಯೇ ನೋಡಿ, ಆಮೇಲೆ ನಾಣ್ಯ ಹಾಕಿ, 20 ಲೀಟರ್ ಕ್ಯಾನ್ ಹಿಡಿಯಿರಿ. ಈ ಕ್ರಮವನ್ನು ತಪ್ಪಿಸಿದರೆ ನಾಣ್ಯ ಯಂತ್ರದ್ದು.

ಎಚ್ಚರಿಕೆ: ಘಟಕ ನಿಂತ ದಿನ ಕೊಳವೆಬಾವಿ ನೀರನ್ನು ಕಾಯಿಸಿ ಕುಡಿದು ಸಮಾಧಾನಪಟ್ಟುಕೊಳ್ಳಬೇಡಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ತೊಂದರೆ ಮತ್ತು ಪರಿಹಾರ

ತೊಂದರೆ: ನೀರು ಸಣ್ಣಗೆ ಬರುತ್ತಿದೆ.
ಕಾರಣ: ಮೆಂಬ್ರೇನ್ ಕಟ್ಟಿಕೊಂಡಿದೆ.
ಪರಿಹಾರ: ಹೊಸದು ಹಾಕಿಸಿ. ಖರ್ಚು ಯಾರದೆಂದು ಪಂಚಾಯಿತಿಯನ್ನು ಕೇಳಿ, ಅವರು ಏಜೆನ್ಸಿಯತ್ತ ಕೈ ತೋರುತ್ತಾರೆ. ಏಜೆನ್ಸಿಯವರು ಬಾಕಿ ಬಿಲ್ ತೋರಿಸುತ್ತಾರೆ.

ತೊಂದರೆ: ಘಟಕದ ಬಾಗಿಲು ತೆರೆದೇ ಇಲ್ಲ.
ಕಾರಣ: ನೋಡಿಕೊಳ್ಳುವ ಹುಡುಗನಿಗೆ ಸಂಬಳವಾಗಿಲ್ಲ.
ಪರಿಹಾರ: ಯಂತ್ರಕ್ಕೆ ಅನುದಾನವಿತ್ತು, ಹುಡುಗನಿಗಿರಲಿಲ್ಲ.

ತೊಂದರೆ: ಹಿಂದಿನ ಪೈಪಿನಲ್ಲಿ ನೀರು ಸುರಿಯುತ್ತಲೇ ಇದೆ.
ಕಾರಣ: ಸೋಸಿ ಬೇರ್ಪಟ್ಟ ಫ್ಲೋರೈಡೆಲ್ಲ ಅದರಲ್ಲಿದೆ.
ಪರಿಹಾರ: ಚರಂಡಿಗೆ ಬಿಡಿ. ಇಂಗಿ ಮತ್ತೆ ನೆಲ ಸೇರಿದರೆ ಘಟಕಕ್ಕೆ ಕೆಲಸ ತಪ್ಪುವುದಿಲ್ಲ.

ತೊಂದರೆ: ಕಡಲೆಕಾಯಿ ಹೊಲದಲ್ಲಿ ಕಳೆ ಕೀಳಲು ಬೆನ್ನು ಬಗ್ಗುತ್ತಿಲ್ಲ, ಕೂಲಿಗೆ ಕರೆಯುವವರಿಲ್ಲ.
ಕಾರಣ: ವರ್ಷಗಟ್ಟಲೆ ಕುಡಿದ ನೀರಿನ ಫ್ಲೋರೈಡ್ ಮೂಳೆಯಲ್ಲಿ ಕೂತು ಕೀಲು ಬಿಗಿದಿದೆ.
ಪರಿಹಾರ: ಹೋದ ಕೂಲಿ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಬದಲಿ ಮಾದರಿ: ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಸೂರಿನ ನೀರನ್ನು ತೊಟ್ಟಿಗೆ ಇಳಿಸಿ, ಮುಚ್ಚಿ, ಸೋಸಿ, ಕಾಯಿಸಿ ಕುಡಿಯಬಹುದು. ಕೆರೆಯ ಹೂಳೆತ್ತಿದರೆ ಅಂತರ್ಜಲವೂ ಚೇತರಿಸಿಕೊಳ್ಳಬಹುದು. ಆದರೆ ಮನೆಮನೆಯ ತೊಟ್ಟಿಗೂ ರಿಬ್ಬನ್ ಕತ್ತರಿಸುತ್ತ ಕೂರಲು ಗಣ್ಯರಿಗೆ ಬಿಡುವಿಲ್ಲದ ಕಾರಣ ಈ ಮಾದರಿಯ ಸರಬರಾಜು ಸದ್ಯಕ್ಕಿಲ್ಲ.