ತಡವಾಗಿ ಬಂದವರು ಬೇಗ ಅರ್ಜಿ ಹಾಕತಕ್ಕದ್ದು

ಗಡಿಯಾರದ ಮುಳ್ಳು ತಪ್ಪದೆ ಬದುಕಿದ ಮನುಷ್ಯನ ಹೆಸರನ್ನು ರೈಲು ನಿಲ್ದಾಣಕ್ಕೆ ಇಡಬೇಕೆಂದು ಯಾರಿಗೆ ಹೊಳೆಯಿತೋ, ಅವರು ಭಾರೀ ತಮಾಷೆಯ ಆಸಾಮಿಯೇ ಇರಬೇಕು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಪೂರ್ತಿ ಹವಾನಿಯಂತ್ರಿತವಾದ ದೇಶದ ಮೊದಲ ರೈಲ್ವೆ ಟರ್ಮಿನಲ್. ಖರ್ಚು ಸುಮಾರು 314 ಕೋಟಿ ರೂಪಾಯಿ. 2021ರಲ್ಲೇ ಕಟ್ಟಡ ಹೆಚ್ಚುಕಡಿಮೆ ಸಿದ್ಧವಾಗಿ, ಟೇಪು ಕತ್ತರಿಸುವವರ ದಾರಿ ಕಾಯುತ್ತ ಕೂತಿತ್ತು. ಮೊದಲ ರೈಲು ಎರ್ನಾಕುಲಂ ಕಡೆಗೆ ಹೊರಟಿದ್ದು 2022ರ ಜೂನ್ 6ರಂದು. ಟರ್ಮಿನಲ್ಲೇ ವರ್ಷದ ಮೇಲೆ ಲೇಟಾಗಿ ಬಂದಿರುವಾಗ, ಅಲ್ಲಿಗೆ ಬರುವ ರೈಲನ್ನು ಬೈಯುವುದು ಯಾವ ನ್ಯಾಯ?

ಹೌರಾ, ಗುವಾಹಟಿ, ಪಟ್ನಾ ಕಡೆಯಿಂದ ಬರುವ ರೈಲು ಕೆ.ಆರ್. ಪುರ ದಾಟಿತೆಂದರೆ ಬೋಗಿಯೊಳಗೆ ಒಂದು ಸಂಸಾರವೇ ಎದ್ದು ನಿಲ್ಲುತ್ತದೆ. ಸೀಟಿನಡಿಯ ಸೂಟ್‌ಕೇಸುಗಳು ಹೊರಬರುತ್ತವೆ. ಮಕ್ಕಳ ಕಾಲಿಗೆ ಚಪ್ಪಲಿ ಏರುತ್ತದೆ. ಬಾಗಿಲ ಬಳಿ ಬ್ಯಾಗು ಹೆಗಲಿಗೇರಿಸಿದವರ ಸಾಲು. ಆಗ ರೈಲು ನಿಲ್ಲುತ್ತದೆ. ನಿಲ್ದಾಣದಲ್ಲಲ್ಲ, ಔಟರ್‌ನಲ್ಲಿ. ಕಿಟಕಿಯಾಚೆ ನೇರಳೆ ಮಾರ್ಗದ ಮೆಟ್ರೊ ಒಂದರ ಹಿಂದೊಂದು ಸಾಗುತ್ತಿದ್ದರೆ, ಚಪ್ಪಲಿ ಹಾಕಿಕೊಂಡ ಮಗು ಮತ್ತೆ ನಿದ್ದೆಹೋಗುತ್ತದೆ.

ಆದರೂ ಈ ರೈಲು ದಾಖಲೆಯಲ್ಲಿ 'ಸರಿಯಾದ ವೇಳೆಗೆ' ಬಂದಿರುವ ಸಾಧ್ಯತೆ ಉಂಟು. ಕೊನೆಯ ಎರಡು ನಿಲ್ದಾಣಗಳ ನಡುವೆ ವೇಳಾಪಟ್ಟಿಯಲ್ಲಿ ಧಾರಾಳವಾಗಿ ಹೊತ್ತು ತುರುಕಿಡುವುದು ರೈಲ್ವೆಯ ಹಳೇ ಕಲೆ. ಕೆ.ಆರ್. ಪುರದಿಂದ ಮೆಜೆಸ್ಟಿಕ್‌ಗೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಕೆಲವು ರೈಲುಗಳಿಗೆ ಅಷ್ಟಕ್ಕೇ ಮುಕ್ಕಾಲು ಗಂಟೆ, ಒಂದು ಗಂಟೆ ಮಂಜೂರಾಗಿರುತ್ತದೆ. ದಾರಿಯಲ್ಲಿ ಎಲ್ಲೆಲ್ಲಿ ಒರಗಿಕೊಂಡಿದ್ದರೂ ಕೊನೆಗೆ ಬಂದು ಹಾಜರಿ ಹಾಕಿದರೆ ಸಾಕು. ನಡುವೆ ಇಳಿಯುವ ಬಡಪಾಯಿಯ ಹೊತ್ತು ಯಾರ ಲೆಕ್ಕಕ್ಕೂ ಇಲ್ಲ.

ಸರಿ, ಮೊದಲ ರೈಲು ಲೇಟಾಯಿತು, ಮುಂದಿನ ರೈಲು ತಪ್ಪಿತು. ರೈಲ್ವೆ ಏನು ಕೊಡುತ್ತದೆ? ಮೊದಲನೆಯದಾಗಿ ವಿಷಾದ. ಧ್ವನಿಮುದ್ರಿತ ವಿಷಾದ, ಮೂರು ಭಾಷೆಗಳಲ್ಲಿ, ಪುಕ್ಕಟೆ. ಎರಡನೆಯದು, ನೀವು ಪ್ರಯಾಣ ಮಾಡದ ಭಾಗದ ಟಿಕೆಟ್ ಹಣ. ಗಮನಿಸಿ, ಇದು ಪರಿಹಾರವಲ್ಲ. ನಿಮ್ಮದೇ ದುಡ್ಡು ನಿಮಗೆ ವಾಪಸು. 2019ರ ಏಪ್ರಿಲ್ 1ರಿಂದ ಎರಡು ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸೌಕರ್ಯ ಬಂದಿದೆ. ಜೋಡಿಸಿಟ್ಟಿದ್ದರೆ ರದ್ದತಿ ಶುಲ್ಕ ಹಿಡಿಯದೆ ಎರಡನೇ ಟಿಕೆಟಿನ ಹಣ ಕೊಡುತ್ತಾರೆ. ಎರಡರಲ್ಲೂ ಹೆಸರು, ವಯಸ್ಸು ಒಂದೇ ಇರಬೇಕು. ಇಳಿಯುವ ನಿಲ್ದಾಣವೂ ಹತ್ತುವ ನಿಲ್ದಾಣವೂ ಒಂದೇ ಆಗಿರಬೇಕು, ಇಲ್ಲವೇ ಅವು ಒಂದೇ ಗುಂಪಿನವೆಂದು ರೈಲ್ವೆ ಒಪ್ಪಿರಬೇಕು. ರೈಲು ಬಂದ ಮೂರು ಗಂಟೆಯೊಳಗೆ ಅರ್ಜಿ ಬೀಳಬೇಕು. ಅಂದರೆ ಐದು ಗಂಟೆ ಲೇಟಾಗಿ ಬಂದವರು ನಿಮಗೆ ಮೂರು ಗಂಟೆ ಗಡುವು ಕೊಡುತ್ತಾರೆ. ಸಮಯಪಾಲನೆ ಬೇಡವೇ ಮತ್ತೆ?

ಇನ್ನೊಂದು ನಿಯಮ ಇದಕ್ಕಿಂತ ಸೊಗಸು. ನೀವು ಹತ್ತಬೇಕಾದ ರೈಲೇ ಮೂರು ಗಂಟೆಗಿಂತ ಹೆಚ್ಚು ತಡವಾದರೆ, 2015ರ ನಿಯಮದ ಪ್ರಕಾರ ಪೂರ್ತಿ ಹಣ ವಾಪಸು. ಆದರೆ ಟಿಡಿಆರ್ ಅನ್ನು, ಅಂದರೆ ಹಣ ವಾಪಸು ಕೇಳುವ ಅರ್ಜಿಯನ್ನು, ರೈಲು ಹೊರಡುವ ಮೊದಲೇ ಹಾಕಬೇಕು, ಆ ರೈಲನ್ನು ಹತ್ತಕೂಡದು. ಹತ್ತಿದಿರೋ, ತಡವನ್ನು ಒಪ್ಪಿಕೊಂಡಂತೆ. ಇದರ ಜೊತೆಗೆ ಅದೇ ನಿಯಮಾವಳಿ 2015ರಲ್ಲಿ ಹೇಳಿದ್ದ ಇನ್ನೊಂದು ಸಾಲು ಓದಿ: ರೈಲು ಹೊರಡಲು ನಾಲ್ಕು ಗಂಟೆಗಿಂತ ಕಡಿಮೆ ಇರುವಾಗ ನೀವು ಖಚಿತ ಟಿಕೆಟ್ ರದ್ದು ಮಾಡಿದರೆ ಬಿಡಿಗಾಸೂ ಇಲ್ಲ. ಅವರ ಮೂರು ಗಂಟೆಯವರೆಗಿನ ತಡ ತಡವೇ ಅಲ್ಲ, ನಿಮ್ಮ ನಾಲ್ಕು ಗಂಟೆ ಮುಂಚಿನ ಮಾತು ಮುಂಚಿನದಲ್ಲ. ಮೆಟ್ರೊ ಕೂಡ ಇದೇ ಗರಡಿಯ ಪೈಲ್ವಾನ: ನಿಗದಿತ ಹೊತ್ತಿಗಿಂತ ಹೆಚ್ಚು ಗೇಟಿನೊಳಗೆ ಉಳಿದರೆ ದಂಡ ನಿಮಗೆ.

ಇನ್ನು ಜನರಲ್ ಬೋಗಿಯವರ ಕಥೆ. ಈ ಟರ್ಮಿನಲ್‌ನಿಂದ ಹೊರಡುವ ದೂರದ ರೈಲುಗಳು ತುಂಬುವುದೇ ಬಿಹಾರ, ಬಂಗಾಳ, ಅಸ್ಸಾಂನ ಕೂಲಿಗಳಿಂದ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕಟ್ಟಿದವರು, ಅದರ ಗೇಟು ಕಾಯುವವರು. ಬಕೆಟ್ಟಿನೊಳಗೆ ಪಾತ್ರೆ, ಪಾತ್ರೆಯೊಳಗೆ ಬಟ್ಟೆ ತುರುಕಿಕೊಂಡು ನೆಲದ ಮೇಲೆ ಮಲಗಿರುತ್ತಾರೆ. ಪಿಎನ್‌ಆರ್ ಇಲ್ಲದವರು ಏನನ್ನು ಯಾವುದಕ್ಕೆ ಜೋಡಿಸಬೇಕು? ಒಂದು ದಿನದ ಕೂಲಿ ಹೋಯಿತೆಂದು ಬರೆಯಲು ಟಿಡಿಆರ್ ಫಾರ್ಮಿನಲ್ಲಿ ಜಾಗವೇ ಇಲ್ಲ.

ಹೊರದೇಶದ ಸುದ್ದಿ ಹೇಳಿದರೆ ನಮ್ಮವರಿಗೆ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಯುರೋಪಿನ ಒಕ್ಕೂಟದಲ್ಲಿ ಒಂದು ಗಂಟೆ ತಡಕ್ಕೆ ಟಿಕೆಟಿನ ಕಾಲು ಭಾಗ, ಎರಡು ಗಂಟೆಗೆ ಅರ್ಧ. ಜಪಾನಿನ ಸುಕುಬಾ ಎಕ್ಸ್‌ಪ್ರೆಸ್ 2017ರಲ್ಲಿ ಕ್ಷಮೆ ಕೇಳಿದ್ದು ಇಪ್ಪತ್ತು ಸೆಕೆಂಡು ಮುಂಚೆ ಹೊರಟಿದ್ದಕ್ಕೆ. ನಮ್ಮಲ್ಲೂ ಐಆರ್‌ಸಿಟಿಸಿ ತನ್ನ ತೇಜಸ್ ರೈಲುಗಳಲ್ಲಿ ಒಂದು ಗಂಟೆಗೆ 100, ಎರಡು ಗಂಟೆಗೆ 250 ರೂಪಾಯಿ ಕೊಡುವ ದುಸ್ಸಾಹಸ ಮಾಡಿತ್ತು, 2019ರಲ್ಲಿ. 2024ರ ಫೆಬ್ರುವರಿಯಲ್ಲಿ ಸದ್ದಿಲ್ಲದೆ ನಿಲ್ಲಿಸಿದರು. ಕೊಟ್ಟು ಅಭ್ಯಾಸವಾದರೆ ಕಷ್ಟ.

ಹಾಗಂತ ಹಕ್ಕೇ ಇಲ್ಲವೆಂದಲ್ಲ. ರಾಜಸ್ಥಾನದ ಒಂದು ಕುಟುಂಬ 2016ರ ಜೂನ್‌ನಲ್ಲಿ ಜಮ್ಮುವಿಗೆ ಹೊರಟಿತ್ತು. ರೈಲು ನಾಲ್ಕು ಗಂಟೆ ತಡ, ಶ್ರೀನಗರದ ವಿಮಾನ ಹಾರಿಹೋಯಿತು, ಟ್ಯಾಕ್ಸಿಗೆ 15,000 ರೂಪಾಯಿ. ಆಲ್ವಾರ್‌ನ ಗ್ರಾಹಕರ ವೇದಿಕೆ ಆ ಟ್ಯಾಕ್ಸಿ ಹಣ, ಬುಕಿಂಗ್ ನಷ್ಟಕ್ಕೆ 10,000, ಮಾನಸಿಕ ಯಾತನೆಗೂ ದಾವೆಯ ಖರ್ಚಿಗೂ ಐದೈದು ಸಾವಿರ ಕೊಡಿ ಎಂದಿತು. ಒಟ್ಟು 35,000. ಇದನ್ನು ಉಳಿಸಲು ರೈಲ್ವೆ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹತ್ತಿತು. ರೈಲು ಹೇಳಿದ ಹೊತ್ತಿಗೆ ಬರುತ್ತದೆಂದು ನಾವು ಖಾತರಿ ಕೊಟ್ಟೇ ಇಲ್ಲ, ನಮ್ಮ ನಿಯಮ ನೋಡಿ ಎಂಬುದೇ ಅದರ ವಾದ. 2021ರ ಸೆಪ್ಟೆಂಬರ್ 6ರಂದು ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಅನಿರುದ್ಧ ಬೋಸ್ ಅದನ್ನು ತಳ್ಳಿಹಾಕಿದರು: ತಡವಾದದ್ದು ತನ್ನ ಕೈಮೀರಿದ ಕಾರಣಕ್ಕೆ ಎಂದು ರೈಲ್ವೆಯೇ ಸಾಬೀತುಪಡಿಸಬೇಕು, ಇಲ್ಲದಿದ್ದರೆ ದುಡ್ಡು ಕೊಡಬೇಕು. ಐದು ವರ್ಷದ ಆ ಓಟಕ್ಕೆ ರೈಲ್ವೆ ವಕೀಲರಿಗೆ ಕೊಟ್ಟ ಫೀಸೆಷ್ಟು ಎಂಬುದು ತೀರ್ಪಿನಲ್ಲಿಲ್ಲ.

ಆದ್ದರಿಂದ ದಾರಿ ತೆರೆದಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಬೇಕಾಗಿರುವುದು ಕಾಗದ: ಎರಡು ಟಿಕೆಟು, ರೈಲು ನಿಜಕ್ಕೂ ಯಾವಾಗ ಬಂತೆಂಬ ದಾಖಲೆ, ಆದ ಖರ್ಚಿನ ರಸೀದಿ.

ಈ ಕೊನೆಯದರಲ್ಲೇ ಬೈಯಪ್ಪನಹಳ್ಳಿ ಕೈಕೊಡುತ್ತದೆ. ಇಲ್ಲಿ ಬೈಯಪ್ಪನಹಳ್ಳಿಗಳು ಎರಡು. ಮೆಟ್ರೊ ಇರುವ ಬೈಯಪ್ಪನಹಳ್ಳಿಯಲ್ಲಿ ಟರ್ಮಿನಲ್ ಇಲ್ಲ, ಟರ್ಮಿನಲ್ ಇರುವಲ್ಲಿ ಮೆಟ್ರೊ ಇಲ್ಲ. ನಡುವಿನ ದಾರಿಯೆಲ್ಲ ಆಟೊದವರ ಸಾಮ್ರಾಜ್ಯ. ಆಟೊಗೆ ಕಾಯುವ ದರವನ್ನು ಸರ್ಕಾರವೇ ಗೊತ್ತುಮಾಡಿದೆ: ಮೊದಲ ಐದು ನಿಮಿಷ ಬಿಟ್ಟಿ, ಆಮೇಲೆ ಕಾಯಿಸಿದವರು ದುಡ್ಡು ಬಿಚ್ಚಬೇಕು. ಮೀಟರ್ ಹಾಕುವವರು ಸಿಕ್ಕರೆ ಎಂಬುದು ಬೇರೆ ಮಾತು. ಇಂಥ ಆಟೊವೊಂದರ ಹತ್ತಿರ ಬಿಲ್ಲು ಕೇಳಿ ನೋಡಿ.

"ಬಿಲ್ ಯಾಕೆ ಸಾರ್?"

"ರೈಲು ಲೇಟಾಗಿ ಮುಂದಿನ ಟ್ರೈನ್ ತಪ್ಪೋಯ್ತಪ್ಪ. ರೈಲ್ವೆಯವ್ರ ಹತ್ರ ವಸೂಲಿ ಮಾಡ್ಬೇಕು."

"ಓ, ಹಂಗಾದ್ರೆ ವೇಟಿಂಗ್ ಚಾರ್ಜೂ ಸೇರಿಸಿ ಬರ್ಕೊಡ್ತೀನಿ ತಗಳಿ. ಬೆಳಗ್ಗೆಯಿಂದ ನಾನೂ ಅದೇ ಟ್ರೈನ್‌ಗೇ ಕಾಯ್ತಿದ್ದೆ."