ಫಸ್ಟ್ ಕಾಕಾನ ಸ್ವಿಮ್ಮಿಂಗ್ ಪೂಲ್

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ಬಸ್ಸು ಹತ್ತಿ ಯಾವ ಊರಿನಲ್ಲಿ ಇಳಿದರೂ ಅಲ್ಲೊಬ್ಬ ಫಸ್ಟ್ ಕಾಕಾ ಸಿಗುತ್ತಾರೆ. ನಮ್ಮೂರಿನ ಕಾಕಾಗೆ ತಂದೆ ತಾಯಿ ಇಟ್ಟ ಹೆಸರು ಬೇರೆ ಇದೆ. ರೇಶನ್ ಕಾರ್ಡು ಬಿಟ್ಟರೆ ಅದು ಇನ್ನೆಲ್ಲೂ ಚಾಲ್ತಿಯಲ್ಲಿಲ್ಲ. ಊರಿಗೆ ಮೊದಲ ಡಿಶ್ ತಂದವರು ಅವರು. ಮೊದಲ ಇನ್ವರ್ಟರ್ ಅವರದು. ಹೆಸರಿನ ಹೊಲಕ್ಕೆ ಡ್ರೋನಿನಿಂದ ಎಣ್ಣಿ ಹೊಡೆಸಿದ್ದೂ ಅವರೇ. ಆವತ್ತು ಊರಿಗೆ ಊರೇ ಹೊಲದ ಬದುವಿನ ಮೇಲೆ ನಿಂತು, ಹುಳಗಳಿಗಿಂತ ಹೆಚ್ಚು ಔಷಧ ಕುಡಿದು ಬಂದಿತ್ತು.

ಕಾಕಾ ತಂದ ವಸ್ತುಗಳಿಗೆ ಎರಡು ಜನ್ಮ. ಮೊದಲನೆಯದು ಕಾಕಾನ ಕೈಯಲ್ಲಿ, ಅದು ಹದಿನೈದು ದಿನದ ಆಯುಷ್ಯ. ಎರಡನೆಯದು ಅವರ ಹೆಂಡತಿ ಚಿಗವ್ವನ ಕೈಯಲ್ಲಿ, ಅದಕ್ಕೆ ಸಾವಿಲ್ಲ. ಹಳೆಯ ಕಾಲದ ಆ ದೊಡ್ಡ ಡಿಶ್ ಈಗ ಮಳೆಗಾಲದಲ್ಲಿ ಕುಳ್ಳಿನ ರಾಶಿಯ ಮೇಲೆ ಬೋರಲು ಬಿದ್ದಿರುತ್ತದೆ. ಮಂಡಿನೋವಿಗೆಂದು ಬಂದ ನಡೆಯುವ ಮಶೀನಿನ ಹಿಡಿಕೆಯ ಮೇಲೆ ಕೌದಿ ಒಣಗುತ್ತವೆ.

ಈ ಸಲದ ಕತೆ ಶುರುವಾದದ್ದು ಬೆಂಗಳೂರಿನ ಫೋನಿನಿಂದ. ಸೂಟಿಗೆ ಬರಲಿದ್ದ ಮೊಮ್ಮಗ ಕೇಳಿದ: "ಅಜ್ಜಾ, ನಿಮ್ಮನೇಲಿ ಸ್ವಿಮ್ಮಿಂಗ್ ಪೂಲ್ ಇದ್ಯಾ?" ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿದ ಕೂಸು. ಅದರ ಲೆಕ್ಕದಲ್ಲಿ ಲಿಫ್ಟು, ವಾಚ್‌ಮನ್, ಈಜುಗೊಳ ಎಲ್ಲ ಮನೆಗೆ ಬಾಗಿಲಿದ್ದ ಹಾಗೆ ಇರಲೇಬೇಕು. ಇಲ್ಲ ಎನ್ನುವ ಶಬ್ದ ಕಾಕಾನ ಬಾಯಲ್ಲಿ ಹುಟ್ಟುವುದಿಲ್ಲ. "ಐತಿ, ಬಾ ನೀ" ಅಂದುಬಿಟ್ಟರು.

ಎಂಟು ದಿನಕ್ಕೆ ಡಬ್ಬಿ ಬಂತು. ನಮ್ಮೂರಿನ ತನಕ ಬರುವ ಮನಸ್ಸಾಗದೆ ಅಣ್ಣಿಗೇರಿಯ ಒಂದು ಪಾನಂಗಡಿಯಲ್ಲಿ ಇಳಿದು, ಅಲ್ಲಿಂದ ಹಾಲಿನ ಗಾಡಿ ಹತ್ತಿ ಬಂತು. ಡಬ್ಬಿಯ ಮೇಲೊಂದು ಚಿತ್ರ: ಹಸಿರು ಹುಲ್ಲು, ನೀಲಿ ನೀರು, ಹಲ್ಲು ಕಿಸಿದ ಬಿಳಿ ಮಂದಿ, ಜೊತೆಗೆ ಅವರಷ್ಟೇ ಖುಷಿಯಾಗಿದ್ದ ಒಂದು ನಾಯಿ. ಚಿಗವ್ವ ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಕೊನೆಗೆ, "ಇವರಿಗೆ ನೀರು ಹೊತ್ತವರು ಯಾರ್ರೀ? ಒಬ್ಬರೂ ಕಾಣವಲ್ರು" ಅಂದಳು.

ಅಳತೆ 10 ಅಡಿ ಅಗಲ, 30 ಇಂಚು ಎತ್ತರ. ಕಂಬವಿಲ್ಲ, ಕಬ್ಬಿಣವಿಲ್ಲ. ದಪ್ಪ ಪ್ಲಾಸ್ಟಿಕ್ಕಿನ ದೊಡ್ಡದೊಂದು ಚೀಲ, ಅದರ ಬಾಯಿಗೆ ಗಾಳಿ ತುಂಬುವ ಬಳೆ. ಬಳೆಗೆ ಗಾಳಿ ಹೊಡೆದು ನೆಲಕ್ಕೆ ಹಾಸಿ ನೀರು ಬಿಟ್ಟರೆ, ನೀರು ಏರಿದ ಹಾಗೆ ಬಳೆ ತೇಲುತ್ತ ಮೇಲೇಳುತ್ತದೆ, ಗೋಡೆಯನ್ನೂ ತನ್ನ ಜೊತೆ ಎಳೆದುಕೊಳ್ಳುತ್ತದೆ. ಕನ್ನಡವಿಲ್ಲದ ಆ ಪುಸ್ತಿಕೆಯನ್ನು ಕಾಕಾ ಬರೀ ಚಿತ್ರ ನೋಡಿ ಓದಿ ಮುಗಿಸಿ, ಕಟ್ಟೆಯ ಮೇಲೆ ಕೂತವರಿಗೆ ಒಂದೇ ಮಾತಿನಲ್ಲಿ ಸಾರ ಹೇಳಿದರು: "ನೀರ ಗ್ವಾಡಿ ಕಟ್ತೈತಿ."

ತುಂಬಿದರೆ ಸುಮಾರು 3,800 ಲೀಟರ್. ಮೊದಲು ಅದನ್ನು ಮಾಳಿಗೆಯ ಮೇಲೆ ಇಡುವ ವಿಚಾರವಿತ್ತು, ಹಾದಿಯಲ್ಲಿ ಹೋಗುವವರಿಗೂ ಕಾಣಲಿ ಎಂದು. ನಮ್ಮ ಕಡೆಯ ಮಾಳಿಗೆ ಅಂದರೆ ಮೇಲ್ಮುದ್ದೆ, ತೊಲೆ ಜಂತಿಯ ಮೇಲೆ ಮಣ್ಣು. ಲೀಟರಿಗೆ ಒಂದು ಕಿಲೋ ಎಂದು ನಾನು ಲೆಕ್ಕ ಹೇಳಿದೆ. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. "ಕಾಕಾ, ಮಾಳಿಗಿ ಮ್ಯಾಲ ಮೂವತ್ತೆಂಟು ಚೀಲ ಕಡ್ಲಿ ಒಟ್ಟಿದಂಗಾತು, ಕೆಳಗ ಚಿಗವ್ವ ಮಲಗ್ತಾಳ" ಅಂದೆ. ಕ್ವಿಂಟಲ್ ಚೀಲದ ಭಾಷೆ ಮಾತ್ರ ತಟ್ಟನೆ ತಿಳಿಯಿತು. ಪೂಲು ಹಿತ್ತಲಿಗೆ ಇಳಿಯಿತು.

ಹಿತ್ತಲಿನ ಪಾಡು ಬೇರೆ. ನಮ್ಮದು ಅಪ್ಪಟ ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಹೋದ ವರ್ಷ ಚಿಗವ್ವನ ಕೀಲಿಕೈ ಗೊಂಚಲು ಒಂದು ಬಿರುಕಿನೊಳಗೆ ಬಿದ್ದು, ಮುಂಗಾರಿನ ತನಕ ಟ್ರಂಕಿನ ಕೀಲಿ ತೆಗೆಯಲು ಆಗಿರಲಿಲ್ಲ. ಇಂಥ ನೆಲದ ಮೇಲೆ ಈ ಚೀಲ ನಿಲ್ಲಬೇಕು. ನೆಲ ಒಂದು ಕಡೆ ಇಳುಕಲಾದರೂ ನೀರೆಲ್ಲ ಆ ಕಡೆಗೇ ಭಾರ ಬಿಡುತ್ತದೆ. ಬಳೆ ಒಮ್ಮೆ ಬಾಗಿತೋ, ಮೂವತ್ತೆಂಟು ಚೀಲ ಕಡಲೆಯೂ ಆಚೆ ಮನೆಯವರ ಪಡಸಾಲೆಗೆ. ಗೌಂಡಿ ಬಂದು ಲೆವೆಲ್ ಪೈಪು ಹಿಡಿದ. ನೀರಿನ ಮಟ್ಟ ನೋಡುವ ಆ ಪೈಪಿಗೆ ತುಂಬಲು ಕೂಡ ಅವತ್ತು ನಳದಲ್ಲಿ ನೀರಿರಲಿಲ್ಲ.

ಕೊನೆಗೆ ಕೈಹಿಡಿದವನು ಓಣಿಯ ಮುತ್ಯಾ. ಆತ ಕಣ ಮಾಡುವುದರಲ್ಲಿ ಪಳಗಿದವ. ಈಗ ರಾಶಿಯೆಲ್ಲ ಮಶೀನಿನಲ್ಲಿ ಇಲ್ಲವೆ ಡಾಂಬರು ರಸ್ತೆಯ ಮೇಲೆ. ಆ ವಿದ್ಯೆ ಕೇಳುವವರೇ ಇರಲಿಲ್ಲ. ಮುತ್ಯಾ ಬಿರುಕಿಗೆ ಗರಸು ತುಂಬಿಸಿದ, ನೀರು ಚಿಮುಕಿಸಿದ, ರೋಣಗಲ್ಲು ಎಳೆಸಿದ, ಸಗಣಿ ಸಾರಿಸಿದ. ಎರಡು ದಿನಕ್ಕೆ ಅಂಗೈಯಷ್ಟು ಸಪಾಟು.

"ಏನು ರಾಶಿ ಮಾಡ್ತೀರೋ?" ಅಂತ ಕೇಳಿದ.

"ರಾಶಿ ಅಲ್ಲ ಮುತ್ಯಾ, ಈಜಾಕ."

ಮುತ್ಯಾ ಕೈಯೊಳಗಿನ ಕಸಬರಿಗೆ ಕೆಳಗಿಟ್ಟ. "ಕಣದಾಗ ಈಜೂದಾ!" ಅಂದು ಮನೆಗೆ ಹೋದವನು ನಾಲ್ಕು ದಿನ ಆ ಕಡೆ ಹಾಯಲಿಲ್ಲ.

ತಳಕ್ಕೆ ಏನಾದರೂ ಹಾಸಬೇಕಲ್ಲ. ಕಾಕಾನ ಕಣ್ಣು ನವಲಗುಂದದ ಜಮಖಾನೆಯ ಮೇಲೆ ಬಿತ್ತು. ಜಿಐ ಮಾನ್ಯತೆ ಸಿಕ್ಕ ಕಸುಬು ಅದು, ಅಲ್ಲಿಯ ಹೆಣ್ಣುಮಕ್ಕಳ ಕೈಕೆಲಸ, ಮೈತುಂಬ ನವಿಲು. ಚಿಗವ್ವ ಅಡ್ಡ ನಿಂತಳು: "ಅದು ನಮ್ಮ ತವರಮನಿದು. ಬೇಕಾದ್ರ ನೀವ ಮಲಗ್ರಿ ಕೆಳಗ, ಮ್ಯಾಲ ನೀರು ಬಿಡ್ತೇವಿ." ಕಾಕಾ ತಾಡಪತ್ರಿ ತಂದರು.

ಇನ್ನು ನೀರು. ಇಲ್ಲಿ ಮಾತ್ರ ಕಾಕಾ ನಿಜವಾಗಿ ಸಿಕ್ಕಿಬಿದ್ದರು. 2015ರಲ್ಲಿ ಕಳಸಾ-ಬಂಡೂರಿ ಹೋರಾಟ ನಡೆದಾಗ ನವಲಗುಂದದ ಪೆಂಡಾಲಿನಲ್ಲಿ ಮೊದಲ ಸಾಲು ಅವರದೇ. ಕುಡಿಯುವ ನೀರು ಕೊಡಿ ಎಂದು ಕೂಗಿ ಮೂರು ದಿನ ದನಿ ಬಿದ್ದಿತ್ತು. 2018ರಲ್ಲಿ ಆ ನೀರಿನ ವ್ಯಾಜ್ಯದ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯನ್ನು ಅವರು ಮೊಮ್ಮಗನ ಹುಟ್ಟಿದ ತಾರೀಖಿಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. ಈಗ ಪೂಲು ಬಂದ ಮೇಲೆ ಆ ಲೆಕ್ಕಕ್ಕೂ ಹೊಸ ಅಳತೆ ಸಿಕ್ಕಿತು. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್, "ನಮ್ಮ ಪೂಲು ಎಪ್ಪತ್ನಾಕು ಲಕ್ಷ ಸಲ ತುಂಬತೈತಿ ತಮ್ಮಾ, ಒಂದ ಟಿಎಂಸಿಗೆ!" ಹೇಳುತ್ತ ಹೇಳುತ್ತ ಅವರೇ ಸುಮ್ಮನಾದರು. ಆಚೆ ಮನೆಯ ಪಂಚಾಯ್ತಿ ಮೆಂಬರು ಬೇಲಿಯ ಮೇಲಿಂದ ಇಣುಕಿ, "ಕಾಕಾ, ಯಾವ ನೀರು ತುಂಬ್ತೀರಿ?" ಎಂದಷ್ಟೇ ಕೇಳಿ ಹಲ್ಲುಜ್ಜುತ್ತ ಒಳಗೆ ಹೋಗಿದ್ದ. ಕೆರೆಯ ನೀರನ್ನು ಮುಟ್ಟುವ ಮಾತೇ ಇರಲಿಲ್ಲ. ಕಾಲುವೆಯಲ್ಲಿ ಮಲಪ್ರಭೆ ಬಂದಾಗ ತುಂಬಿಸಿಟ್ಟುಕೊಂಡು ಇಡೀ ಊರು ಬೇಸಿಗೆ ಕಳೆಯುವ ನೀರು ಅದು. ಇನ್ನು ನಮ್ಮ ಬೆಣ್ಣಿಹಳ್ಳ, ಮಳೆಗಾಲದಲ್ಲಿ ಕರೆಯದೆ ಹೊಲದೊಳಗೆ ಬರುತ್ತದೆ. ಮೇ ತಿಂಗಳಲ್ಲಿ ಅದರ ಹೆಸರಿನಲ್ಲಷ್ಟೇ ಬೆಣ್ಣೆ.

ಸಲಹೆಗಳಿಗೆ ಕೊರತೆ ಇರಲಿಲ್ಲ. ಹುಡುಗರು, "ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪತ್ರಿ ಹಾಸಿ ನೀರು ಬಿಟ್ರ ಮುಗೀತು, ಎಲ್ಲಾರೂ ಹಂಗ ಮಾಡ್ತಾರ" ಅಂದರು. ಎಲ್ಲರೂ ಮಾಡುವುದು ಕಾಕಾಗೆ ಆಗಿಬರುವುದಿಲ್ಲ. ಕಲಘಟಗಿಯ ಬೀಗರು ಫೋನಿನಲ್ಲೇ ನಕ್ಕರು: "ನಮ್ಮ ಕಡಿ ಕೆರಿ ಪುಕ್ಕಟೆ ಅದಾವ್ರೀ, ಹುಡುಗನ್ನ ಇಲ್ಲಿಗೇ ಕಳಸ್ರಿ." ಹೊಲದ ಕೃಷಿ ಹೊಂಡದ ಮಾತು ತೆಗೆದವನಿಗೆ ಚಿಗವ್ವ ಚೆನ್ನಾಗಿ ಬೈದಳು. ಅದಕ್ಕೆ ಕಾರಣವೂ ಇತ್ತು: ಹೊಂಡದ ಪ್ಲಾಸ್ಟಿಕ್ ಹಾಸು ಜಾರುತ್ತದೆ, ಬಿದ್ದವರಿಗೆ ಹತ್ತಿ ಬರಲು ಹಿಡಿಕೆ ಸಿಗುವುದಿಲ್ಲ.

ಉಳಿದದ್ದು ಬೋರಿನ ಸವಳು ನೀರು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದ, ಬೇಳೆ ಎಷ್ಟು ಕುದಿಸಿದರೂ ಬೇಯದ ನೀರು. ಕಾಕಾ ಅದರಲ್ಲೂ ಒಂದು ಹಿರಿಮೆ ಕಂಡುಹಿಡಿದರು: "ಉಪ್ಪು ನೀರಾಗ ಮನಷ್ಯಾ ಮುಳಗೂದಿಲ್ಲ. ಮೃತ ಸಮುದ್ರ ಕೇಳೀಯಿಲ್ಲ?" ರಾತ್ರಿ ತ್ರೀಫೇಸ್ ಬಂದಾಗ ಟ್ಯಾಂಕರ್ ತುಂಬಿಸಿ ತಂದು ಪೈಪು ಬಿಟ್ಟರು. ಬ್ಯಾಟರಿ ಹಿಡಿದು ನಾವು ಹತ್ತು ಮಂದಿ ಸುತ್ತ ನಿಂತಿದ್ದೆವು. ನೆಲಕ್ಕೆ ಬಿದ್ದಿದ್ದ ಬಳೆ ಮೆಲ್ಲಗೆ ಅಲುಗಿತು, ತೇಲಿತು, ಏರತೊಡಗಿತು. ಸುಳ್ಳೇಕೆ ಹೇಳಲಿ, ನನಗೂ ಮೈ ಜುಂ ಎಂದಿತು. ಹನಮಪ್ಪನ ಗುಡಿಯ ಮುಂದೆ ಓಕಳಿ ಹೊಂಡ ತುಂಬುವಾಗ ಚಿಕ್ಕಂದಿನಲ್ಲಿ ನಿಂತು ನೋಡುತ್ತಿದ್ದೆವಲ್ಲ, ಅದೇ ಹಿಗ್ಗು.

ಮೊಮ್ಮಗ ಬಂದ, ಬಿದ್ದು ಹೊರಳಾಡಿದ. ಓಣಿಯ ಹುಡುಗರೆಲ್ಲ ಸೇರಿದರು. ಚಿಗವ್ವ ಕೈಯಲ್ಲಿ ಬಡಿಗಿ ಹಿಡಿದು ದಂಡೆಯಲ್ಲಿ ಕಾವಲು ಕೂತಳು. ಮಂಡಿಯುದ್ದದ ನೀರನ್ನೂ ಆಕೆ ನಂಬುವವಳಲ್ಲ. ಮೂರನೆಯ ದಿನಕ್ಕೆ ನೀರು ಹಸಿರಾಯಿತು. ಕಾಕಾ ಬ್ಲೀಚಿಂಗ್ ಪೌಡರ್ ಹಾಕಿದರು. ಹಿತ್ತಲು ದವಾಖಾನೆಯ ವಾಸನೆ ಹೊಡೆಯಿತು.

ನಾಲ್ಕನೆಯ ದಿನ ಊರಿನ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರು, ಸುಟ್ಟಿತು. ನಳವಿಲ್ಲ, ಬೋರಿಲ್ಲ. ಸಂಜೆಗೆ ಆಚೆ ಮನೆಯವಳು ಒಂದು ಕೊಡ ಹಿಡಿದು ಬಂದಳು, ಬಟ್ಟಿ ಒಗೆಯಾಕ ಎಂದು. ಚಿಗವ್ವ "ತುಂಬ್ಕೊ ತಂಗಿ" ಅಂದಳು. ಆಮೇಲೆ ಇಬ್ಬರು. ಆಮೇಲೆ ಓಣಿಯೇ ಬಂತು.

ಕಾಕಾ ಆಗ ಪೂಲಿನೊಳಗಿದ್ದರು. ಈಜು ಬಾರದ ಕಾರಣ ದಿನವೂ ಸಂಜೆ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು, ಎದೆಮಟ ನೀರಿನಲ್ಲಿ, ತಲೆಗೆ ಟವೆಲ್ ಸುತ್ತಿ. ಹೆಣ್ಣುಮಕ್ಕಳು ಬಂದರೆಂದು ಏಳುವ ಹಾಗಿಲ್ಲ, ಮೈಮೇಲೆ ಇದ್ದದ್ದು ಪಟ್ಟಾಪಟ್ಟಿ ಚಡ್ಡಿ. ಬೇಡ ಅನ್ನುವ ಹಾಗೂ ಇಲ್ಲ, ಪೆಂಡಾಲಿನಲ್ಲಿ ನೀರಿಗಾಗಿ ಕೂಗಿದ ಬಾಯಿ ಅದು. ಹದಿನೈದು ಲೀಟರಿನ ಕೊಡಕ್ಕೆ ಇನ್ನೂರೈವತ್ತು ಕೊಡ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನೀರು ಎದೆಯಿಂದ ಹೊಟ್ಟೆಗಿಳಿಯಿತು, ಹೊಟ್ಟೆಯಿಂದ ತೊಡೆಗಿಳಿಯಿತು. ನೀರಿನ ಜೊತೆ ಗೋಡೆಯೂ ಇಳಿಯಿತು. ಕತ್ತಲಾಗುವ ಹೊತ್ತಿಗೆ ಕಾಕಾ ಹಿತ್ತಲ ನಡುವೆ ನೀಲಿ ಹಾಸಿನ ಮೇಲೆ, ಸುತ್ತ ಒಂದು ಗಾಳಿಯ ಬಳೆ ಇಟ್ಟುಕೊಂಡು ಕೂತಿದ್ದರು.

"ತಮ್ಮಾ, ಓಣಿಗೆಲ್ಲಾ ನೀರು ಕೊಟ್ಟ ಸ್ವಿಮ್ಮಿಂಗ್ ಪೂಲ್ ಜಿಲ್ಲಾಕ್ಕ ಇದ ಫಸ್ಟ್ ಇರಬೇಕಲ್ಲ?" ಅಂದರು.

ನಾನು ಉತ್ತರ ಹುಡುಕುವಷ್ಟರಲ್ಲಿ ಚಿಗವ್ವ ಕಸಬರಿಗೆ ಹಿಡಿದು ಬಂದು, ಹಾಸಿನ ಅಗಲವನ್ನು ಆ ತುದಿಯಿಂದ ಈ ತುದಿಗೆ ಕಣ್ಣಲ್ಲೇ ಅಳೆದಳು.

"ಮೊದಲ ಅಲ್ಲಿಂದ ಏಳ್ರಿ. ಒರಸಿ ಒಣಾ ಹಾಕ್ತೀನಿ. ನಾಳೆ ಸಂಡಿಗಿ ಇಡಬೇಕು."