ಮಂಗಳವಾರದ ಯಂತ್ರ: ಬಳಸುವವರ ಕೈಪಿಡಿ

ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ. ತಾಲ್ಲೂಕು ಆಸ್ಪತ್ರೆ ಒಂದು, ಆಶಾ ಕಾರ್ಯಕರ್ತೆಯರು ಕೆಲವರು, ಔಷಧಿ ಅಂಗಡಿ, ಗುಡಿಯ ಪೂಜಾರಿ, ಬೆಳಗಿನ ಬಸ್ಸು. ಮನೋವೈದ್ಯರು ಕಾಣದಿದ್ದರೆ ಗಾಬರಿ ಬೇಡ, ಅವರು ಮಂಗಳವಾರ ಬರುತ್ತಾರೆ. ಸರ್ಕಾರ ಈ ಏರ್ಪಾಟಿಗೆ ‘ಮನೋಚೈತನ್ಯ’ ಎಂದು ಹೆಸರಿಟ್ಟಿದೆ, ಊರವರು ‘ಮಂಗಳವಾರದ ಡಾಕ್ಟ್ರು’ ಅನ್ನುತ್ತಾರೆ. ನೀವೂ ಹಾಗೇ ಅನ್ನಿ. ‘ಮಾನಸಿಕ’ ಎಂಬ ಬೋರ್ಡಿನ ಕೆಳಗೆ ಸರದಿ ನಿಂತವರಿಗೆ ಪರಿಚಯದವರು ಕಂಡರೆ ತಕ್ಷಣ ಬಿಪಿ ಶುರುವಾಗುತ್ತದೆ: ‘ಬಿಪಿ ತೋರ್ಸೋಕೆ ಬಂದಿದ್ದೆ!’

ಯಂತ್ರ ಹೊಸದೇನಲ್ಲ, ನಮ್ಮದೇ ಸರಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಓಡಿಸಿ ನೋಡಿದ್ದರು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು.

ಜೋಡಿಸುವಾಗ ಸಮನ್ವಯ ಸಭೆಯಿಂದ ಶುರುಮಾಡಬೇಡಿ. ಸಭೆ ಅಂದರೆ ಫ್ಲೆಕ್ಸು, ಹಾರ, ಬಿಸ್ಕತ್ತು. ಮುಂದಿನ ಸಭೆಯ ದಿನಾಂಕ. ಆಶಾ ಎಂಬ ಭಾಗ ಹೊಗಳಿಕೆಯ ಮೇಲೆ ಓಡುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಪ್ರೋತ್ಸಾಹಧನ ಹೊತ್ತಿಗೆ ಸರಿಯಾಗಿ ಹಾಕಿ.

ಪೂಜಾರಿಯನ್ನು ಬಿಡಿಸಿ ಪಕ್ಕಕ್ಕಿಡುವ ಉತ್ಸಾಹ ನಿಮಗೆ ಬಂದೇ ಬರುತ್ತದೆ, ತಡೆದುಕೊಳ್ಳಿ. ‘ಗಾಳಿ ಸೋಕಿದೆ’ ಎಂದು ಜನ ಮೊದಲು ಹೋಗುವುದು ಅಲ್ಲಿಗೇ, ನಮ್ಮ ಹತ್ತಿರ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ, ದುವಾ, ಅಂದರೆ ಮದ್ದು, ಪ್ರಾರ್ಥನೆ ಎರಡನ್ನೂ ಒಂದೇ ಅಂಗಳಕ್ಕೆ ತಂದರು. ನಮ್ಮ ಪೂಜಾರಿಗೂ ಹೇಳಿ: ‘ಸ್ವಾಮೀ, ತಾಯತ ನೀವು ಕಟ್ಟಿ, ಮಂಗಳವಾರ ನಮ್ಮ ಹತ್ರ ಕಳ್ಸಿ.’ ಹೆಚ್ಚಿನವರು ಒಪ್ಪುತ್ತಾರೆ. ವಾಸಿಯಾದರೆ ಹೆಸರು ದೇವರಿಗೇ ತಾನೆ!

ಎಚ್ಚರಿಕೆ: ಸರಪಳಿ ಈ ಯಂತ್ರದ ಭಾಗವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದವರು ಎದ್ದು ಓಡಲಾಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಿಗಿಯುವುದನ್ನು ಪೂರಾ ನಿಷೇಧಿಸಿದೆ.

ರಾತ್ರಿ ಹೊತ್ತು ಯಂತ್ರ ಕೆಟ್ಟರೆ ಟೆಲಿ ಮಾನಸ್ ಸಹಾಯವಾಣಿ, 14416.

ಹಗಲಲ್ಲಿ ಕೆಡುವ ಬಗೆ ಬೇರೆ. ಬರುತ್ತಿದ್ದವರು ಬರುವುದು ನಿಲ್ಲಿಸುತ್ತಾರೆ. ರಿಜಿಸ್ಟರಿನಲ್ಲಿ ‘ಗೈರು’ ಎಂದು ಬರೆದು ಮುಚ್ಚಬೇಡಿ, ಆಶಾ ಅಕ್ಕನನ್ನು ಮನೆಗೆ ಕಳಿಸಿ. ಅವಳು ನಡುಮನೆಯಲ್ಲಿ ಮಾತ್ರೆಯ ಸುದ್ದಿ ಎತ್ತುವುದಿಲ್ಲ. ನೀರು ಕೇಳುತ್ತಾಳೆ, ಸೊಸೆಯ ಹಿಂದೆಯೇ ಅಡುಗೆಮನೆಗೆ ಹೋಗುತ್ತಾಳೆ. ಸಾಸಿವೆ ಡಬ್ಬಿಯಲ್ಲಿ ಹುಗಿದಿಟ್ಟ ಮಾತ್ರೆಪಟ್ಟಿ ಹೊರಬರುತ್ತದೆ. ಹತ್ತರಲ್ಲಿ ಒಂಬತ್ತು ಹಾಗೇ ಇವೆ.

‘ಒಂದು ನುಂಗಿದ್ದೆ ಅಕ್ಕಾ. ಬೆಳಿಗ್ಗೆ ಏಳೋಕಾಗ್ಲಿಲ್ಲ, ಹಸು ಒದರ್ತಾ ಇತ್ತು. ಅತ್ತೆ ಬೈದ್ರು.’

ಮದ್ದಿನ ಪ್ರಮಾಣ ಡಾಕ್ಟರು ನೋಡಿಕೊಳ್ಳುತ್ತಾರೆ. ಹಸು ಯಾರು ನೋಡಿಕೊಳ್ಳಬೇಕು? ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ. ಆಶಾ ಅಕ್ಕ ಜಗಲಿಗೆ ಬಂದು ಅತ್ತೆಯ ಪಕ್ಕ ಕೂರುತ್ತಾಳೆ, ಎಲೆಗೆ ಸುಣ್ಣ ಹಚ್ಚಿ ಕೊಡುತ್ತಾಳೆ. ‘ದೊಡ್ಡಮ್ಮಾ, ಹದಿನೈದು ದಿನ ಬೆಳಿಗ್ಗೆ ಹಾಲು ನೀವೇ ಕರೀರಿ.’

ಅತ್ತೆ ಎಲೆ ಮಡಿಸುತ್ತಾ ಹೊತ್ತು ಕಳೆಯುತ್ತಾರೆ.

‘ಕರೀತೀನಿ ಬಿಡು. ನಿಮ್ಮ ದೊಡ್ಡಪ್ಪ ಹೋದಾಗಿಂದ ನಂಗೂ ನಿದ್ದೆ ಇಲ್ಲ, ಯಾರು ಕೇಳಿದಾರೆ? ಮಂಗಳವಾರ ಬಸ್ಸಲ್ಲಿ ಇಬ್ಬರಿಗೂ ಸೀಟು ಹಿಡಿ.’